ಲಸಿಕೆಯೂ ಲೋಕವಾರ್ತೆಯೂ



ವೈದ್ಯನಲ್ಲದವನೊಬ್ಬನು ಲಸಿಕೆಯ ವಿಷಯವಾಗಿ ಮಾತನಾಡಹೊರಡುವುದು ಅಧಿಕಪ್ರಸಂಗವೆಂದು ನಿಮ್ಮಲ್ಲಿ ಕೆಲವರಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಲಸಿಕೆಯ ಸೀಸೆಯೊಳಗೆ ಇರತಕ್ಕ ದ್ರವ್ಯವನ್ನು ಕುರಿತು ವೈದ್ಯರೇ ಹೇಳಬೇಕು. ಆದರೆ ಆ ದ್ರವ್ಯವು ಮಗುವಿನ ತೋಳನ್ನು ಸೇರುವ ಮುನ್ನ ತಾಯಿಯೊಬ್ಬಳ ಸಮ್ಮತಿಯನ್ನು ಪಡೆಯಬೇಕಾಗಿದೆ. ಸಮ್ಮತಿಯಾದರೋ ಮಾತಿನಿಂದ ಹುಟ್ಟಿ ಮಾತಿನಿಂದಲೇ ಕೆಡತಕ್ಕ ವಸ್ತು. ಮಾತಿನ ವ್ಯವಹಾರವನ್ನೇ ಕಸುಬಾಗಿ ಮಾಡಿಕೊಂಡವರಿಗೆ ಅಷ್ಟರಮಟ್ಟಿನ ಅಧಿಕಾರವಾದರೂ ಇದೆಯೆಂಬ ಧೈರ್ಯದಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

2025ನೆಯ ಇಸವಿಯ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯನ್ನು ಒಂದು ಭೀತಿಯು ಆವರಿಸಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಮಿಕ್ಕ ಜನರು ಹೃದಯಾಘಾತದಿಂದ ಮೃತರಾದರೆಂಬ ಸುದ್ದಿ ಮೊದಲು ಊರೊಳಗೆ, ಬಳಿಕ ಪತ್ರಿಕೆಗಳಲ್ಲಿ, ಇವೆರಡಕ್ಕಿಂತಲೂ ವೇಗವಾಗಿ ವಾಟ್ಸಾಪ್ ಗ್ರೂಪುಗಳಲ್ಲಿ ಹರಡಿತು. ಮೃತರಲ್ಲಿ ಹರೆಯದವರೂ ಇದ್ದುದರಿಂದ ಒಂದೊಂದು ಸಾವಿನ ಭಾವಚಿತ್ರವೂ ಕೈಯಿಂದ ಕೈಗೆ ಹೋಗುತ್ತ ಹೋಗುತ್ತ, ಹತ್ತು ಗ್ರೂಪುಗಳಲ್ಲಿದ್ದವನಿಗೆ ಒಬ್ಬನೇ ಹತ್ತು ಬಾರಿ ಸತ್ತಂತೆ ಭಾಸವಾಗುವ ಸ್ಥಿತಿಯುಂಟಾಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಯಾವ ಬಾಧೆಯೂ ಇಲ್ಲದವರು ಎದೆಯನ್ನು ಪರೀಕ್ಷಿಸಿಕೊಳ್ಳಲು ಮುಂಜಾನೆಯಿಂದಲೇ ಸಾಲುಗಟ್ಟಿ ನಿಂತರು. ಇಷ್ಟಕ್ಕೆಲ್ಲ ಕಾರಣವು ಕೋವಿಡ್ ಲಸಿಕೆಯೇ ಎಂಬ ಮಾತು ಆಗಲೇ ಬೀದಿಯಲ್ಲಿತ್ತು. ಜುಲೈ 1ರಂದು ರಾಜ್ಯದ ಮುಖ್ಯಮಂತ್ರಿಗಳು, ಲಸಿಕೆಗೆ ಅವಸರದಿಂದ ಅನುಮತಿಯಿತ್ತು ಜನರಿಗೆ ಹಂಚಿದುದೂ ಈ ಸಾವುಗಳಿಗೆ ಒಂದು ಕಾರಣವಾಗಿರಬಹುದೆಂದು ಬಹಿರಂಗವಾಗಿ ಬರೆದ ಮೇಲೆ ಬೀದಿಯ ಮಾತಿಗೆ ವಿಧಾನಸೌಧದ ಮುದ್ರೆಯೂ ಬಿದ್ದಂತಾಯಿತು. ಮರುದಿನ ಕೇಂದ್ರದ ಆರೋಗ್ಯ ಸಚಿವಾಲಯವು ಅದನ್ನು ಅಲ್ಲಗಳೆಯಿತು. ಸಾಮಾನ್ಯ ಪ್ರಜೆಯು ಇದನ್ನೂ ಎರಡು ಪಕ್ಷಗಳ ನಡುವಣ ಜಗಳವೆಂದು ತಿಳಿದು ತನಗೆ ಬೇಕಾದ ಪಕ್ಷದ ವೈದ್ಯವನ್ನು ನಂಬಿದನು.

ಅದೇ ಮುಖ್ಯಮಂತ್ರಿಗಳು ಆ ವರ್ಷದ ಫೆಬ್ರವರಿಯಲ್ಲಿಯೇ ಜಯದೇವ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ಒಂದು ತಜ್ಞರ ಸಮಿತಿಯನ್ನು ನೇಮಿಸಿದ್ದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆ ಸಮಿತಿಯು ಜುಲೈ ಆದಿಯಲ್ಲಿ ವರದಿಯನ್ನು ಒಪ್ಪಿಸಿತು. ಅಕಾಲದ ಹೃದ್ರೋಗಕ್ಕೂ ಲಸಿಕೆಗೂ ಸಂಬಂಧವು ಕಂಡುಬರಲಿಲ್ಲವೆಂದೂ, ಧೂಮಪಾನ, ಮಧುಮೇಹ, ರಕ್ತದೊತ್ತಡಗಳೆಂಬ ಹಳೆಯ ಶತ್ರುಗಳೇ ಮುಖ್ಯವಾಗಿ ಇಲ್ಲಿಯೂ ಕಾಣಿಸಿಕೊಂಡವೆಂದೂ ಅದು ತಿಳಿಸಿತು. ಹಾಸನದ ಸಾವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದಾಗ ಹೃದಯಾಘಾತವೆಂದು ಪ್ರಸಿದ್ಧವಾಗಿದ್ದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದೊಡನೆ ಸಂಬಂಧವೇ ಇರಲಿಲ್ಲ. ಅವುಗಳಲ್ಲಿ ಒಂದು ರಸ್ತೆಯ ಅಪಘಾತ, ಒಂದು ವಿದ್ಯುದಾಘಾತ. ಕರೆಂಟು ಹೊಡೆದು ಸತ್ತವನನ್ನೂ ಲಸಿಕೆಯ ಲೆಕ್ಕಕ್ಕೆ ಬರೆದುಕೊಂಡ ಈ ಗಣಿತವು ಎಷ್ಟು ಜನರ ನಿದ್ರೆಯನ್ನು ಕೆಡಿಸಿತೋ ಬಲ್ಲವರಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೇಶದ 47 ಆಸ್ಪತ್ರೆಗಳ ಮೂಲಕ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು: 18ರಿಂದ 45 ವಯಸ್ಸಿನವರಲ್ಲಿ ಹಠಾತ್ ಮರಣದ ಸಂಭವವನ್ನು ಲಸಿಕೆಯು ಹೆಚ್ಚಿಸಲಿಲ್ಲ, ಎರಡು ಡೋಸು ಪಡೆದವರಲ್ಲಿ ಅದು ಕಡಿಮೆಯೇ ಆಗಿತ್ತು.

ಇಲ್ಲಿ ತರ್ಕದ ಒಂದು ಸೂಕ್ಷ್ಮವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಏಕೆಂದರೆ ಈ ಕಾಲದ ಲಸಿಕೆಯ ವದಂತಿಗಳಲ್ಲಿ ಬಹುಭಾಗವು ನಿಂತಿರುವುದು ಇದರ ಮೇಲೆಯೇ. "ಸತ್ತವರೆಲ್ಲರೂ ಲಸಿಕೆ ಹಾಕಿಸಿಕೊಂಡಿದ್ದವರು" ಎಂಬ ವಾಕ್ಯವು ಸತ್ಯವಾಗಿರಬಹುದು. ನಾಡಿನ ವಯಸ್ಕರಲ್ಲಿ ಬಹುತೇಕ ಎಲ್ಲರೂ ಲಸಿಕೆ ಹಾಕಿಸಿಕೊಂಡಿರುವಾಗ ಸತ್ತವರು ಮಾತ್ರವೇನು, ಮದುವೆಯಾದವರು, ಮನೆ ಕಟ್ಟಿಸಿದವರು, ಚುನಾವಣೆಯಲ್ಲಿ ಸೋತವರು, ಎಲ್ಲರೂ ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ. ಪೂರ್ವದಲ್ಲಿ ನಡೆದದ್ದೆಲ್ಲವೂ ಕಾರಣವಾಗಲಾರದೆಂಬುದನ್ನು ನಮ್ಮ ನ್ಯಾಯಶಾಸ್ತ್ರವು ಅನ್ಯಥಾಸಿದ್ಧವೆಂಬ ಹೆಸರಿಟ್ಟು ಶತಮಾನಗಳ ಹಿಂದೆಯೇ ವಿವೇಚಿಸಿದೆ. ಕುಂಬಾರನ ಮಣ್ಣನ್ನು ಹೊತ್ತು ತಂದ ಕತ್ತೆಯು ಗಡಿಗೆಗೆ ಕಾರಣವಲ್ಲವೆಂಬುದು ಅಲ್ಲಿಯ ಪ್ರಸಿದ್ಧ ದೃಷ್ಟಾಂತ. ಆದರೆ ಮಗನನ್ನು ಕಳೆದುಕೊಂಡ ತಂದೆಯ ಮುಂದೆ ಕುಳಿತು ತರ್ಕವನ್ನು ಪಾಠ ಹೇಳುವುದು ಸಾಧ್ಯವಿಲ್ಲ, ಹೇಳುವುದು ಮನುಷ್ಯತ್ವವೂ ಅಲ್ಲ. ಶೋಕಕ್ಕೆ ಒಂದು ಕಾರಣವು ಬೇಕು. ವೈದ್ಯನು "ಗೊತ್ತಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿ ಸುಮ್ಮನಾದ ಸ್ಥಳದಲ್ಲಿ ವದಂತಿಯು "ನನಗೆ ಗೊತ್ತಿದೆ" ಎಂದು ಬಂದು ಕುಳಿತುಕೊಳ್ಳುತ್ತದೆ.

ಈ ವದಂತಿಗಳು ಅವಿದ್ಯಾವಂತರ ವ್ಯಾಧಿಯೆಂದು ತಿಳಿಯುವುದು ನಗರವಾಸಿಗಳಾದ ನಮಗೆ ಹಿತವಾದ ಭ್ರಮೆ. ಉತ್ತರಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ 2021ರ ಮೇ ತಿಂಗಳಲ್ಲಿ ಲಸಿಕೆಯ ತಂಡವನ್ನು ಕಂಡು ಕೆಲವು ಹಳ್ಳಿಗರು ಸರಯೂ ನದಿಗೆ ಧುಮುಕಿದರೆಂಬ ವರ್ತಮಾನವನ್ನು ಓದಿ ನಕ್ಕವರು, ಅದೇ ತಿಂಗಳಲ್ಲಿ, ನೊಬೆಲ್ ಪುರಸ್ಕೃತರಾದ ಫ್ರೆಂಚ್ ವಿಜ್ಞಾನಿ ಲುಕ್ ಮಾಂತಾನಿಯೆ ಅವರ ಹೆಸರಿನಲ್ಲಿ ಬಂದ, ಲಸಿಕೆ ಪಡೆದವರೆಲ್ಲರೂ ಎರಡು ವರ್ಷಗಳೊಳಗಾಗಿ ಸಾಯುವರೆಂಬ ಸಂದೇಶವನ್ನು ತಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೆ ಕಳುಹಿಸುತ್ತಿದ್ದರು. ಮಾಂತಾನಿಯೆ ಲಸಿಕೆಯ ನೀತಿಯನ್ನು ಟೀಕಿಸಿದ್ದುದು ನಿಜ. ಎರಡು ವರ್ಷದ ಮಾತನ್ನು ಅವರು ಆಡಿರಲೇ ಇಲ್ಲ. ಆ ಎರಡು ವರ್ಷಗಳು 2023ರಲ್ಲಿ ಮುಗಿದುವು. ಕಳುಹಿಸಿದವರು ಕುಶಲವಾಗಿದ್ದಾರೆ, ಬೇರೆ ಸಂದೇಶಗಳನ್ನು ಕಳುಹಿಸುತ್ತಲೂ ಇದ್ದಾರೆ. ಇಂತಹ ಸಂದೇಶಗಳ ಕೊನೆಯಲ್ಲಿ "ಬಂದ ಹಾಗೆ ಕಳಿಸಿದ್ದೇನೆ" ಎಂಬ ಒಂದು ಸಾಲು ಇರುವುದನ್ನು ನೀವು ನೋಡಿರಬಹುದು. ಹೊಣೆಗಾರಿಕೆಯಿಂದ ಇಷ್ಟು ಸುಲಭವಾಗಿ ಪಾರಾಗುವ ಉಪಾಯವನ್ನು ನಮ್ಮ ವಕೀಲರೂ ಕಂಡುಹಿಡಿದಿರಲಿಲ್ಲ.

ಮಾತಿನ ವೇಗವನ್ನು ಅಳೆದವರೂ ಇದ್ದಾರೆ. ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಡಿದ ಸುಮಾರು 1,26,000 ಸುದ್ದಿಯೆಳೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನಿಜವು 1,500 ಜನರನ್ನು ಮುಟ್ಟಲು ಸುಳ್ಳಿಗಿಂತ ಸರಿಸುಮಾರು ಆರುಪಟ್ಟು ಕಾಲವನ್ನು ತೆಗೆದುಕೊಂಡಿತೆಂದು ತೋರಿಸಿದ್ದಾರೆ. ಹರಡಿದವರು ಯಂತ್ರಗಳಲ್ಲ, ಮನುಷ್ಯರು. ಸುಳ್ಳು ಹೊಸದಾಗಿ ತೋರುವುದರಿಂದಲೂ, ಆಶ್ಚರ್ಯ ಜುಗುಪ್ಸೆಗಳನ್ನು ಕೆರಳಿಸುವುದರಿಂದಲೂ ಓಡುತ್ತದೆಯೆಂದು ಅವರ ಅಭಿಪ್ರಾಯ. ಟ್ವಿಟರಾದರೂ ಬಯಲು, ವಾಟ್ಸಾಪು ಮುಚ್ಚಿದ ಮನೆ. ಅಲ್ಲಿ ಸುದ್ದಿ ತರುವವರು ಅಪರಿಚಿತರಲ್ಲ, ಸೋದರಮಾವ, ಸಹಪಾಠಿ, ಸಂಘದ ಕಾರ್ಯದರ್ಶಿ. ಆದಕಾರಣ ಸುದ್ದಿಯನ್ನು ಶಂಕಿಸುವುದು ಸಂಬಂಧವನ್ನೇ ಶಂಕಿಸಿದಂತಾಗುತ್ತದೆ. ಈ ಮುಚ್ಚಿದ ಮನೆಯ ವದಂತಿಯು ಏನನ್ನು ಮಾಡಬಲ್ಲುದೆಂಬುದನ್ನು ಬೀದರ ಜಿಲ್ಲೆಯು 2018ರ ಜುಲೈಯಲ್ಲಿ ಕಂಡಿತು. ಮಕ್ಕಳ ಕಳ್ಳರೆಂಬ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣ ಎಂಜಿನಿಯರನನ್ನು ಹೊಡೆದು ಕೊಂದಿತು. ಅದಾದ ಒಂದು ವಾರದೊಳಗೆ ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿಯನ್ನು ಹೇರುವುದಾಗಿ ಪ್ರಕಟಿಸಿತು. ಲಸಿಕೆಯ ವದಂತಿಯು ಯಾರನ್ನೂ ಬೀದಿಯಲ್ಲಿ ಹೊಡೆದು ಕೊಲ್ಲುವುದಿಲ್ಲ. ಅದರ ಕೊಲೆಗಳು ತಡವಾಗಿ, ತೊಟ್ಟಿಲುಗಳಲ್ಲಿ ನಡೆಯುವುದರಿಂದ ಕಾಣುವುದಿಲ್ಲ.

ಕಂಡ ಒಂದು ಪ್ರಸಂಗವುಂಟು. ಶಾಂತಸಾಗರದ ನಡುವೆ ಸಮೋವಾ ಎಂಬ ದ್ವೀಪರಾಷ್ಟ್ರವಿದೆ. ಜನಸಂಖ್ಯೆ ಸುಮಾರು ಎರಡು ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. 2018ರ ಜುಲೈಯಲ್ಲಿ ಅಲ್ಲಿ ದಡಾರದ ಚುಚ್ಚುಮದ್ದನ್ನು ಪಡೆದ ಎರಡು ಹಸುಗೂಸುಗಳು ಕೆಲವೇ ನಿಮಿಷಗಳಲ್ಲಿ ಅಸುನೀಗಿದುವು. ಲಸಿಕೆಯ ಪುಡಿಯನ್ನು ನೀರಿನಲ್ಲಿ ಕರಗಿಸುವುದಕ್ಕೆ ಬದಲಾಗಿ ದಾದಿಯರು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮಾಂಸಖಂಡಗಳನ್ನು ಸಡಿಲಿಸಲು ಕೊಡುವ, ಅವಧಿ ಮೀರಿದ ಬೇರೊಂದು ಔಷಧದಲ್ಲಿ ಕರಗಿಸಿದ್ದರು. ತಪ್ಪು ಲಸಿಕೆಯದಲ್ಲ, ಕೈಯದು. ಆದರೆ ಈ ಮಾತು ಸಿದ್ಧವಾಗಿ ನ್ಯಾಯಾಲಯದ ಬಾಯಿಂದ ಹೊರಬೀಳಲು ಒಂದು ವರ್ಷ ಹಿಡಿಯಿತು. ಸರ್ಕಾರವು ಆ ನಡುವೆ ಲಸಿಕೆಯ ಕಾರ್ಯಕ್ರಮವನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. ಆ ಮೌನದ ಅವಧಿಯಲ್ಲಿ ಫೇಸ್‌ಬುಕ್ಕು ಸುಮ್ಮನಿರಲಿಲ್ಲ. ಲಸಿಕೆ ಪಡೆದ ಮಕ್ಕಳ ಪ್ರಮಾಣವು ಮೂರನೆಯ ಒಂದು ಭಾಗದ ಆಸುಪಾಸಿಗೆ ಕುಸಿಯಿತು. 2019ರ ಕೊನೆಯಲ್ಲಿ ದಡಾರವು ಬಂದಿತು. 5,700ಕ್ಕೂ ಹೆಚ್ಚು ಜನರಿಗೆ ಅಂಟಿತು. 83 ಮಂದಿ ಸತ್ತರು, ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಸಾವುಗಳು ನಡೆಯುತ್ತಿದ್ದಾಗಲೂ ವಿಟಮಿನ್ನುಗಳನ್ನೂ ಪರಂಗಿ ಎಲೆಯ ರಸವನ್ನೂ ಶಿಫಾರಸು ಮಾಡುವ ಬರಹಗಳು ಜಾಲತಾಣಗಳಲ್ಲಿ ಓಡಾಡುತ್ತಿದ್ದುವು. ಕಡೆಗೆ ಡಿಸೆಂಬರ್ 5 ಮತ್ತು 6ರಂದು ಸರ್ಕಾರವು ಕಚೇರಿಗಳನ್ನು ಮುಚ್ಚಿ, ಲಸಿಕೆಯಾಗಬೇಕಾದವರು ಇರುವ ಮನೆಯ ಮುಂದೆ ಕೆಂಪು ಬಟ್ಟೆಯನ್ನು ಕಟ್ಟಬೇಕೆಂದು ಸಾರಿ, ತಂಡಗಳನ್ನು ಮನೆಮನೆಗೂ ಕಳುಹಿಸಿತು. ಹಿಂದಿನ ವರ್ಷ ಇಲ್ಲವೆಂದವರೇ ಅಂದು ಕೆಂಪು ಬಟ್ಟೆಯನ್ನು ಕಟ್ಟಿ ಕಾದು ಕುಳಿತಿದ್ದರು.

ದಡಾರದ ಲಸಿಕೆಗೂ ಆಟಿಸಮ್‌ಗೂ ನಂಟುಂಟೆಂಬ ಕಥೆಯ ಮೂಲವನ್ನು ನಿಮ್ಮಲ್ಲಿ ಬಹುಮಂದಿ ಬಲ್ಲಿರಾದುದರಿಂದ ಅದನ್ನು ಸಂಕ್ಷೇಪಿಸುತ್ತೇನೆ: 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯನು ಕೇವಲ 12 ಮಕ್ಕಳನ್ನಾಧರಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಪ್ರಬಂಧ, ಲಸಿಕೆಯ ಕಂಪನಿಗಳ ಮೇಲೆ ದಾವೆ ಹೂಡಲಿದ್ದ ವಕೀಲರಿಂದ ಆತನಿಗೆ ಹಣ ಸಂದಿತ್ತೆಂಬುದನ್ನು 2004ರಲ್ಲಿ ಬಯಲಿಗೆಳೆದ ಪತ್ರಕರ್ತ ಬ್ರಯನ್ ಡೀರ್, 2010ರಲ್ಲಿ ಪ್ರಬಂಧದ ಹಿಂತೆಗೆತ, ಅದೇ ವರ್ಷ ವೈದ್ಯರ ಪಟ್ಟಿಯಿಂದ ಆತನ ಹೆಸರಿನ ತೊಡೆತ. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿ ನಂಟಿಲ್ಲವೆಂದು 2019ರಲ್ಲಿ ಸಾಧಿಸಿದರು. ಹನ್ನೆರಡು ಮಕ್ಕಳ ಸುಳ್ಳನ್ನು ಆರೂವರೆ ಲಕ್ಷ ಮಕ್ಕಳ ಸತ್ಯವು ಇಂದಿಗೂ ಬೆನ್ನಟ್ಟುತ್ತಲೇ ಇದೆ. ನಮ್ಮ ದೇಶದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನವು 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿಯೇ ಉದ್ಘಾಟನೆಗೊಂಡು, ಕರ್ನಾಟಕ, ತಮಿಳುನಾಡು, ಗೋವ, ಪುದುಚೇರಿ, ಲಕ್ಷದ್ವೀಪಗಳ ಸುಮಾರು 3.6 ಕೋಟಿ ಮಕ್ಕಳನ್ನು ಗುರಿಯಾಗಿಟ್ಟುಕೊಂಡು ಹೊರಟಾಗ, ಇದೇ ಲಂಡನ್ನಿನ ಸುಳ್ಳು ದೇಶಭಾಷೆಗಳ ವೇಷ ಹಾಕಿಕೊಂಡು ಶಾಲೆಗಳ ಬಾಗಿಲಲ್ಲಿ ಕಾದಿತ್ತು.

ಇಷ್ಟರವರೆಗೆ ಲಸಿಕೆಯ ವಿರೋಧಿಗಳ ಸುಳ್ಳನ್ನು ಹೇಳಿದೆನು. ಲಸಿಕೆಯ ಪಕ್ಷದವರು ಹೇಳಿದ ಸುಳ್ಳೊಂದನ್ನೂ ಹೇಳದಿದ್ದರೆ ಈ ಉಪನ್ಯಾಸವು ಅರ್ಧ ನಿಜವಾದೀತು.

ಸಿಡುಬಿಗೆ ಜೆನ್ನರನು ಗೋಸಿಡುಬಿನಿಂದ ಲಸಿಕೆಯನ್ನು ಕಂಡುಹಿಡಿದದ್ದು 1796ರಲ್ಲಿ. ಅದು ಮುಂಬಯಿಗೆ ತಲಪಿ ಮೂರು ವರ್ಷದ ಒಂದು ಹೆಣ್ಣುಮಗುವಿನ ತೋಳಿನಲ್ಲಿ ಹಿಡಿದದ್ದು 1802ರ ಜೂನ್‌ನಲ್ಲಿ. ತೋಳಿನಿಂದ ತೋಳಿಗೆ ಕೀವನ್ನು ದಾಟಿಸುತ್ತ ಹೋಗಬೇಕಾಗಿದ್ದ ಆ ವಿಧಾನದ ಬಗೆಗೆ, ಜಾತಿಯ ಕಟ್ಟಳೆಯಿದ್ದ ಸಮಾಜದಲ್ಲಿ ಸಂಕೋಚವಿದ್ದುದು ಸಹಜವೇ. ಆಗ ಮದರಾಸಿನಲ್ಲಿದ್ದ ಫ್ರಾನ್ಸಿಸ್ ವೈಟ್ ಎಲಿಸನು (ದ್ರಾವಿಡ ಭಾಷೆಗಳು ಒಂದೇ ಕುಲದವೆಂದು 1816ರಲ್ಲಿ ಮೊದಲು ತೋರಿಸಿಕೊಟ್ಟ ವಿದ್ವಾಂಸನೇ ಈತ, ಕನ್ನಡಿಗರು ಆತನಿಗೆ ಋಣಿಗಳು) ಲಸಿಕೆಯನ್ನು ಕುರಿತು ಸಂಸ್ಕೃತದಲ್ಲಿ ಒಂದು ಸಣ್ಣ ಪದ್ಯಕೃತಿಯನ್ನು ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಅದು ದೊರಕಿದ ಪ್ರಾಚೀನ ಗ್ರಂಥವೆಂದು ಹಬ್ಬಿಸಿದನೆಂದು ಆ ಶತಮಾನದ ಇಂಗ್ಲಿಷ್ ಬರಹಗಳು ಹೇಳುತ್ತವೆ. 1819ರ ಜನವರಿಯಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ, ಹಸುವಿನ ಕೆಚ್ಚಲಿನ ಗುಳ್ಳೆಯಿಂದ ರಸವನ್ನು ತೆಗೆದು ತೋಳಿಗೆ ಹಾಕುವ ವಿಧಿಯು ಧನ್ವಂತರಿಯ ಗ್ರಂಥದಲ್ಲಿದೆಯೆಂಬ ಪತ್ರವೂ ಪ್ರಕಟವಾಯಿತು. ಅಂತಹ ಗ್ರಂಥವು ಯಾವ ಭಂಡಾರದಲ್ಲಿಯೂ ಸಿಕ್ಕಿಲ್ಲ. ಉದ್ದೇಶವು ಸದುದ್ದೇಶವೇ, ಫಲವೇನಾಯಿತು? ಸುಳ್ಳು ಯೂರೋಪಿಗೆ ಹೋಗಿ, ಪುಸ್ತಕದಿಂದ ಪುಸ್ತಕಕ್ಕೆ ನಕಲಾಗಿ, ಇಂದು ನಮ್ಮ ಫೋನುಗಳಿಗೆ "ಜೆನ್ನರನಿಗಿಂತ ಸಾವಿರಾರು ವರ್ಷ ಮೊದಲೇ ಗೋಸಿಡುಬಿನ ಲಸಿಕೆ ನಮ್ಮಲ್ಲಿತ್ತು" ಎಂಬ ಹೆಮ್ಮೆಯ ಫಾರ್ವರ್ಡಾಗಿ ಹಿಂದಿರುಗಿದೆ. ಅದರ ಭಾರದಲ್ಲಿ ನಿಜವಾದ ಹೆಮ್ಮೆಯೊಂದು ಮರೆಯಾಗಿದೆ: ಮನುಷ್ಯನ ಸಿಡುಬಿನ ಕೀವನ್ನೇ ಅಲ್ಪಪ್ರಮಾಣದಲ್ಲಿ ಹಾಕಿ ರಕ್ಷಿಸುವ ಟೀಕಾದಾರರು ಬಂಗಾಳದಲ್ಲಿದ್ದರೆಂಬುದನ್ನು ಹಾಲ್ವೆಲ್ ಎಂಬಾತನು 1767ರಲ್ಲಿಯೇ ಸವಿಸ್ತಾರವಾಗಿ ಬರೆದಿದ್ದಾನೆ.

ಜೆನ್ನರನ ಲಸಿಕೆಯು ಈ ದೇಶಕ್ಕೆ ಬಂದ ಆ ಮೊದಲ ವರ್ಷಗಳಲ್ಲಿ ಮೈಸೂರಿನಲ್ಲಿ ಅನುಸರಿಸಿದ ದಾರಿಯು ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಸ್ವತಃ ಲಸಿಕೆಯನ್ನು ಹಾಕಿಸಿಕೊಂಡರು. ಅದನ್ನು ಕಂಡು ಪ್ರಜೆಗಳೂ ಮುಂದೆ ಬಂದರೆಂದು ಅಂದಿನ ಕಾಗದಪತ್ರಗಳಿಂದ ತಿಳಿಯುತ್ತದೆ. 1805ರ ಸುಮಾರಿನಲ್ಲಿ ಥಾಮಸ್ ಹಿಕಿಯು ಬರೆದನೆನ್ನಲಾದ, ಮೂವರು ರಾಜಸ್ತ್ರೀಯರ ವರ್ಣಚಿತ್ರವೊಂದರಲ್ಲಿ ಒಬ್ಬಾಕೆಯು ಸೆರಗನ್ನು ತುಸು ಸರಿಸಿ ತೋಳಿನತ್ತ ಬೆರಳು ಮಾಡಿರುವುದು ಈ ಲಸಿಕೆಯ ಪ್ರಚಾರಾರ್ಥವಾಗಿಯೇ ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ವಾದಿಸಿದ್ದಾರೆ. ವಾದವು ಸರಿಯಾಗಿದ್ದರೆ, ರಾಣಿವಾಸದ ಹೆಂಗಸರು ಪರಪುರುಷನೊಬ್ಬನ ಕುಂಚದ ಮುಂದೆ ಹಾಗೆ ನಿಂತದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಎಲಿಸನು ಜನರ ನಂಬಿಕೆಯನ್ನು ಕದಿಯಲು ಹೋದನು. ದೇವಾಜಮ್ಮಣ್ಣಿಯವರು ತಮ್ಮ ತೋಳನ್ನು ಒಡ್ಡಿ ಅದನ್ನು ಸಂಪಾದಿಸಿದರು.

ನಮ್ಮ ಕಾಲದಲ್ಲಿ ಎಲಿಸನಂತೆ ಹಳೆಯ ಕಾಗದವನ್ನು ಸೃಷ್ಟಿಸುವ ಅಧಿಕಾರಿಗಳಿಲ್ಲ. ಆದರೆ "ಲಸಿಕೆಯಿಂದ ಯಾವ ಅಪಾಯವೂ ಇಲ್ಲ" ಎಂಬ ಒಂದೇ ವಾಕ್ಯದಿಂದ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸಬಹುದೆಂದು ನಂಬಿರುವವರು ಇದ್ದಾರೆ. ಆ ವಾಕ್ಯವೂ ಎಲಿಸನ ಸುಳ್ಳಿನ ಜಾತಿಗೇ ಸೇರಿದ್ದು. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಬಂದ ಆಸ್ಟ್ರಜೆನೆಕಾ ಲಸಿಕೆಯು ಅತಿವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯನ್ನು ಉಂಟುಮಾಡಬಲ್ಲುದೆಂಬುದು 2021ರ ಏಪ್ರಿಲ್‌ನಲ್ಲಿಯೇ ಯೂರೋಪಿನಲ್ಲಿ ಪ್ರಕಟವಾಗಿತ್ತು. ನಮ್ಮ ಕೇಂದ್ರ ಸರ್ಕಾರವೂ ಅದೇ ವರ್ಷದ ಮೇ ತಿಂಗಳಲ್ಲಿ, ಪರಿಶೀಲಿಸಿದ 498 ಗಂಭೀರ ಪ್ರಕರಣಗಳಲ್ಲಿ 26 ಈ ಬಗೆಯವಾಗಿರಬಹುದೆಂದೂ, ಅದು ಹತ್ತು ಲಕ್ಷ ಡೋಸಿಗೆ 0.61ರ ಪ್ರಮಾಣವೆಂದೂ ತಿಳಿಸಿತು. ಮುಚ್ಚಿಟ್ಟರೆಂದು ಹೇಳುವಂತಿಲ್ಲ, ತಿಳಿಯುವಂತೆ ಹೇಳಿದರೆಂದು ಹೇಳುವಂತೆಯೂ ಇಲ್ಲ. ಇಂಗ್ಲಿಷಿನ ಒಂದು ಪ್ರಕಟಣೆಯಲ್ಲಿ ಆ ಅಂಕಿ ಬಂದು ಹೋಯಿತು. ಮಂಡ್ಯದ ಆಶಾ ಕಾರ್ಯಕರ್ತೆಯ ಕೈಗಾಗಲಿ ಯಾದಗಿರಿಯ ಅಂಗನವಾಡಿಗಾಗಲಿ ಅದು ಕನ್ನಡದಲ್ಲಿ ತಲಪಿದುದನ್ನು ಯಾರೂ ಕಾಣೆವು. ಆದ್ದರಿಂದಲೇ 2024ರ ಏಪ್ರಿಲ್‌ನಲ್ಲಿ ಆಸ್ಟ್ರಜೆನೆಕಾ ಕಂಪನಿಯು ಲಂಡನ್ನಿನ ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದದಲ್ಲಿ ಅದನ್ನೇ ಒಪ್ಪಿಕೊಂಡಿದೆಯೆಂಬ ಸುದ್ದಿ ಬಂದಾಗ, ಮೂರು ವರ್ಷ ಹಳೆಯದಾದ ನಿಜವು ಹೊಸದಾಗಿ ಸಿಕ್ಕಿಬಿದ್ದ ಕಳ್ಳತನದಂತೆ ಜನರಿಗೆ ಕಂಡಿತು. ಹಾಸನದ ಭೀತಿಗೆ ನೆಲವನ್ನು ಹದಮಾಡಿದ್ದು, ನನ್ನ ಅಭಿಪ್ರಾಯದಲ್ಲಿ, ಈ ಭಾವನೆಯೇ. ಸಣ್ಣ ಅಪಾಯವನ್ನು ಮೊದಲೇ ತಾನಾಗಿ ಹೇಳಿದವನ ದೊಡ್ಡ ಮಾತನ್ನು ಜನ ನಂಬುತ್ತಾರೆ. ಹೇಳದವನ ಸತ್ಯವನ್ನೂ ತಳ್ಳಿಹಾಕುತ್ತಾರೆ.

ಜನರ ನಂಬಿಕೆಯನ್ನು ಸಂಪಾದಿಸುವುದು ಆಗದ ಕೆಲಸವೇನಲ್ಲ. ಪೋಲಿಯೋ ಹನಿಯು ಮಕ್ಕಳನ್ನು ನಪುಂಸಕರನ್ನಾಗಿ ಮಾಡುವ ಸಂಚೆಂಬ ವದಂತಿಯು ಪಶ್ಚಿಮ ಉತ್ತರಪ್ರದೇಶದಲ್ಲಿ ಬೇರುಬಿಟ್ಟಿದ್ದ ಕಾಲದಲ್ಲಿ, 2002ರಲ್ಲಿ, ದೇಶದ ಸುಮಾರು 1,600 ಪೋಲಿಯೋ ಪ್ರಕರಣಗಳಲ್ಲಿ ಮುಕ್ಕಾಲುಪಾಲು ಆ ಒಂದು ರಾಜ್ಯದವು. ಅದನ್ನು ಗೆದ್ದದ್ದು ಜಾಹೀರಾತಿನಿಂದಲ್ಲ. ಅದೇ ಮೊಹಲ್ಲಾದ ಹೆಂಗಸರು ಮನೆಮನೆಗೆ ಹೋಗಿ ಕುಳಿತು, ಜಗಳವಾಡಿಸಿಕೊಂಡು, ಮತ್ತೆ ಹೋಗಿ, ಮಸೀದಿಯ ಇಮಾಮರನ್ನು ಒಪ್ಪಿಸಿ, ಅವರ ಬಾಯಿಂದಲೇ ಹೇಳಿಸಿದ್ದರಿಂದ. ದೇಶದ ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆ ಹೆಂಗಸರ ಸ್ಥಾನದಲ್ಲಿ ನಮ್ಮಲ್ಲಿ ಆಶಾ ಕಾರ್ಯಕರ್ತೆಯಿದ್ದಾಳೆ. ತಾಯಿ ಕಾರ್ಡನ್ನು ಹಿಡಿದು ಮನೆಯ ಮೆಟ್ಟಿಲೇರುವ ಆಕೆಗೆ "ಅಕ್ಕಾ, ಇದು ಬಂದಿದೆಯಲ್ಲ ಮೊಬೈಲಲ್ಲಿ, ನಿಜವಾ?" ಎಂದು ಕೇಳುವ ಸೊಸೆಯ ಮುಂದೆ ಹೇಳಲು ನಾವು ಕೊಟ್ಟಿರುವ ಉತ್ತರವೇನು? ಗೌರವಧನಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂರಿಸುವುದರ ಹೊರತು ನಾವು ಆಕೆಗೆ ಬೇರೇನನ್ನು ಕೊಟ್ಟಿದ್ದೇವೆ?

ಆದ್ದರಿಂದ ಈ ವೇದಿಕೆಯ ಮೂಲಕ ಒಂದೇ ಒಂದು ಬಿನ್ನಹವನ್ನು ಮಾಡಿಕೊಂಡು ಮುಗಿಸುತ್ತೇನೆ. ಲಸಿಕೆಯ ನಂತರ ಸಂಭವಿಸಿದ ಪ್ರತಿಯೊಂದು ಗಂಭೀರ ತೊಂದರೆಯನ್ನೂ ಪರಿಶೀಲಿಸಲು ಜಿಲ್ಲೆ, ರಾಜ್ಯ, ಕೇಂದ್ರಗಳಲ್ಲಿ ಸಮಿತಿಗಳಿವೆ. ಅವು ಕೆಲಸ ಮಾಡುತ್ತಲೂ ಇವೆ. ಆ ಸಮಿತಿಗಳು ಕಂಡುಕೊಂಡದ್ದನ್ನು, ರೋಗಿಯ ಹೆಸರನ್ನು ಬಿಟ್ಟು, ಲಸಿಕೆಗೆ ದೋಷವಿದ್ದಲ್ಲಿ ಇದೆಯೆಂದೂ ಇಲ್ಲದಿದ್ದಲ್ಲಿ ಇಲ್ಲವೆಂದೂ, ತೀರ್ಮಾನವಾಗದಿದ್ದಲ್ಲಿ ಆಗಿಲ್ಲವೆಂದೂ, ತಿಳಿಗನ್ನಡದಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆದು, ಪ್ರತಿ ತಿಂಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಅಂಟಿಸಬೇಕು, ಗ್ರಾಮಸಭೆಯಲ್ಲಿ ಓದಿಸಬೇಕು, ಆಶಾ ಕಾರ್ಯಕರ್ತೆಯರ ಕೈಗೆ ಎಲ್ಲರಿಗಿಂತ ಮೊದಲು ತಲಪಿಸಬೇಕು. ಆ ಒಂದು ಪುಟವನ್ನು ಬರೆದುಕೊಡುವುದಕ್ಕೆ ಆರೋಗ್ಯ ಇಲಾಖೆಗೆ ಕನ್ನಡ ಬಲ್ಲವರು ಬೇಕಾದರೆ, ಈ ಸಭೆಯಲ್ಲಿಯೇ ಸಾಕಷ್ಟು ಮಂದಿ ಇದ್ದಾರೆ. ನನ್ನ ಹೆಸರನ್ನೂ ಆ ಪಟ್ಟಿಯಲ್ಲಿ ಬರೆದುಕೊಳ್ಳಬೇಕಾಗಿ ವಿನಂತಿ.